ಮರದಂಥ ಟೈಲ್ಸ್

ಮಾರ್ಚ್ ೯, ಸೋಮವಾರ

ಕೊನೆಗೂ ನಮ್ಮ ಮನೆಯ ನೆಲಕ್ಕೆ ಟೈಲ್ಸ್ ಆರಿಸಿದೆ. ನೋಡಲು ಥೇಟ್ ತೇಗದ ಹಲಗೆ, ತಟ್ಟಿದರೆ ಮಾತ್ರ ಗುಟ್ಟು ರಟ್ಟು. ಅಂಗಡಿಯವನು ಮೊದಲು ತೋರಿಸಿದ ಮಾದರಿಯಲ್ಲಿ ಎಲ್ಲ ಹಲಗೆಗೂ ಒಂದೇ ಜಾಗದಲ್ಲಿ ಒಂದೇ ಗಂಟು. "ಯಾರು ನೋಡ್ತಾರೆ ಮೇಡಂ?" ಎಂದ. ನನ್ನ ಹಿರಿ ಓರಗಿತ್ತಿ ನೋಡುತ್ತಾಳೆ. ಅವಳದು ಹದ್ದಿನ ಕಣ್ಣು. ಒಂದರಂತೆ ಇನ್ನೊಂದಿಲ್ಲದ ಮಾದರಿ ತೆಗೆಸುವವರೆಗೂ ನಾನು ಕದಲಲಿಲ್ಲ.

ಅವಳ ಮನೆಯದು ನಿಜವಾದ ಮರದ ನೆಲ. ಒಮ್ಮೆ ಅಲ್ಲಿ ನನ್ನ ಮಗಳ ಕೈ ಜಾರಿ ಲೋಟದ ನೀರು ಚೆಲ್ಲಿದಾಗ, ನೆಂಟರೆಲ್ಲರ ಎದುರು ನನ್ನತ್ತ ಬಟ್ಟೆ ಎಸೆದಿದ್ದಳು. "ಒರೆಸು ಬೇಗ. ಇಂಥ ನೆಲ ನಿಮ್ಮಪ್ಪನ ಮನೇಲಿ ಕಂಡಿದ್ರೆ ತಾನೆ!" ಮಂಡಿಯೂರಿ ಒರೆಸಿದೆ. ನನ್ನ ಗಂಡ ಮೊಬೈಲ್ ನೋಡುತ್ತಿದ್ದರು.

ಇವತ್ತೂ ಅವರದು ಅದೇ ರಾಗ: "ಬಿಳಿ ಟೈಲ್ಸ್ ಸಾಕಾಗಿತ್ತಲ್ವಾ?" ಸಾಕಾಗುತ್ತಿರಲಿಲ್ಲ.

ಬರಲಿ ಅವಳು. ಮರವೆಂದೇ ನಂಬಿ ಹೊಟ್ಟೆ ಉರಿದುಕೊಳ್ಳಲಿ. ಆಗ ಬೇಕೆಂದೇ ನೀರಿನ ಜಗ್ಗು ಉರುಳಿಸುತ್ತೇನೆ. ಮರದ ಮೇಲೆ ನೀರು ಕಂಡರೆ ಅವಳ ಜೀವ ತಡೆಯುವುದಿಲ್ಲ. ತಾನೇ ಬಟ್ಟೆ ಹುಡುಕಿ ಮಂಡಿಯೂರುತ್ತಾಳೆ. ಪೂರ್ತಿ ಒರೆಸಿ ಮುಗಿಸುವವರೆಗೂ ಸುಮ್ಮನಿದ್ದು, ಆಮೇಲೆ ಮೆತ್ತಗೆ ಹೇಳುತ್ತೇನೆ: "ಅಯ್ಯೋ ಅಕ್ಕಾ, ನೀವ್ಯಾಕೆ ಒರೆಸಿದ್ರಿ? ಇದು ಟೈಲ್ಸು."

ನಗದೆ ಹೇಳಬೇಕು. ಅದೇ ಕಷ್ಟ.