ಉಬೈದ್ ಬಸ್ ಹತ್ತುವ ಮೊದಲು

ಹರಿ,

ಕಡುಬು ಮುಚ್ಚಿಟ್ಟಿದ್ದೇನೆ, ತಿನ್ನು.

ಅಕಾಲದ ಮಳೆಗೆ ನೆನೆದ ಕಾಫಿಯನ್ನು ಬಿಸಿಲು ಬಂದರೆ ಕಣದಲ್ಲಿ ಹರವು.

ಅದರ ಮೇಲಿದ್ದ ಟಾರ್ಪಾಲನ್ನು ನಿಮ್ಮಾಟದ ಕಡಲುಗಳ್ಳರ ಹಡಗಿಗೆ ಹಾಯಿ ಮಾಡಲು ಎಳೆದವನು ನೀನು. ಅದರ ಮೇಲೆ ಇದ್ದಿಲಿನಲ್ಲಿ ಬರೆದ ತಲೆಬುರುಡೆ ನಿನ್ನ ಕೈಯದೇ. ಆಟವಾಡಿದ್ದಕ್ಕೆ ನಾನೇನೂ ಅನ್ನುವುದಿಲ್ಲ. ಆದರೆ ಉಬೈದ್ ತನ್ನಪ್ಪ ರಜಬ್ ಸಾಬರೆದುರು, "ನಾನೇ ಎಳ್ದಿದ್ದು, ಹರಿ ಅಲ್ಲ" ಎಂದಾಗ ನೀನು ಬಾಯಿ ಬಿಡಲಿಲ್ಲ. ಆ ಕಡಲುಗಳ್ಳರ ಕಾದಂಬರಿಯ ಹುಡುಗರ ಗೆಳೆತನವನ್ನು ನನಗೆ ಓದಿ ಹೇಳಿ ಕಣ್ಣೊರೆಸಿಕೊಂಡವನೂ ನೀನೇ.

ಶಿಕ್ಷೆಯೆಂದು ಅವನನ್ನು ಇವತ್ತು ಹನ್ನೊಂದರ ಬಸ್ಸಿಗೆ ಗೋಣಿಬೀಡಿನ ಅಜ್ಜಿ ಮನೆಗೆ ಕಳಿಸುತ್ತಾರಂತೆ, ರಜೆ ಮುಗಿಯುವವರೆಗೆ.

ನನಗೆ ಸಿಟ್ಟೂ ಬರುತ್ತಿಲ್ಲ, ಅಳುವೂ ಬರುತ್ತಿಲ್ಲ. ಸಾಬರಿಗೆ ನಾನು ಹೇಳುವುದಿಲ್ಲ. ನೀನೇ ಅವರ ಗ್ಯಾರೇಜಿಗೆ ಹೋಗಿ ಹೇಳು.

ಸಂಜೆ ನಾನು ಬಂದಾಗ ನೀನೊಬ್ಬನೇ ಕೂತಿದ್ದರೆ, ಏನೂ ಕೇಳುವುದಿಲ್ಲ.

ದೊಡ್ಡಮ್ಮ