ಮರಳಿನೊಳಗಿನ ನಿದ್ದೆ

ಸೋಮವಾರ. ಇವತ್ತು ಉಪವಾಸ. ಉಪವಾಸದ ದಿನ ಮನೆಯೆಲ್ಲ ಮಡಿಯಾಗಿರಬೇಕೆಂದು ಬೆಳಕು ಹರಿಯುವ ಮೊದಲೇ ಎದ್ದು ನೆಲ ಒರೆಸಿ, ದೀಪ ಹಚ್ಚಿ, ಎಂದಿನಂತೆ ಮಗಳ ಉಪ್ಪುನೀರಿನ ಮೀನುತೊಟ್ಟಿಯ ಮರಳನ್ನೂ ಕಡ್ಡಿಯಿಂದ ಕೆದಕಿ ಚೊಕ್ಕಟ ಮಾಡಿದೆ. ಮಧ್ಯಾಹ್ನ ರಾಸ್ ಎಂಬ ಜಾತಿಯ ಇನ್ನೊಂದು ಮೀನು ಸತ್ತು ತೇಲಿತು. ಬೇರೆ ಜಾತಿಯವು ಗುಂಡುಕಲ್ಲಿನ ಹಾಗಿವೆ, ಸಾಯುವುದು ಇವು ಮಾತ್ರ. ಇನ್ನು ಒಂದೇ ಉಳಿದಿದೆ.

ಮಗಳು ಮೀನಿನಂಗಡಿಯವನನ್ನು ಕರೆಸಿ, "ರೋಗದ ಮೀನು ನಮ್ಮ ತಲೆಗೆ ಕಟ್ಟಿದೀಯಲ್ಲಾ, ಎಲ್ಲರಿಗೂ ಹೇಳ್ತೀನಿ ನೋಡು" ಎಂದು ಹಾರಾಡಿದಳು. ಅವನು ಸತ್ತ ಮೀನನ್ನು ಅಂಗೈಯಲ್ಲಿ ಹೊರಳಿಸಿದ. ಪಕ್ಕೆಯಲ್ಲೊಂದು ಗೀರು ಕೊಳೆತು ಬಿಳಿಚಿತ್ತು.

"ಅಕ್ಕಾ, ಇದು ಮರಳಲ್ಲಿ ಹೂತ್ಕೊಂಡು ಮಲಗೋ ಮೀನು. ಬೆಳಗಾಗೋ ಮುಂಚೆ ಯಾರಾದ್ರೂ ಮರಳು ಕೆದಕ್ತಾರಾ?"

ತೊಟ್ಟಿಯ ಪಕ್ಕದ ಕಡ್ಡಿಯನ್ನು ನಾನು ಸೆರಗಿನ ಮರೆಗೆ ಸರಿಸಿದೆ. ಅವನು ಬೈಸಿಕೊಂಡೇ ಹೋದ.

ಮಲಗಿದ್ದವನ್ನು ತಿವಿದೆನಲ್ಲ ದೇವರೇ, ಅದೂ ನಿನ್ನ ಹೆಸರಿನ ದಿನ! ಉಳಿದದ್ದು ಈಗ ಮರಳಿನೊಳಗೆ ಮಲಗಿದೆ, ಆ ಕಡೆ ಮತ್ತೆ ಹೆಜ್ಜೆಯಿಡಲೂ ಭಯ. ಕೆದಕುವವಳು ನಾನೇ ಎಂದು ಅಂಗಡಿಯವನಿಗೆ ಚೀಟಿಯಲ್ಲಿ ಉತ್ತರ ಬರೆದು ತೊಟ್ಟಿಯ ಮುಚ್ಚಳದ ಮೇಲಿಟ್ಟಿದ್ದೇನೆ. ಬೆಳಗಾದರೆ ಮಗಳ ಮುಖ ನೋಡಿ ಹರಿದುಹಾಕಿಬಿಟ್ಟೇನು. ಅದಕ್ಕೆ ಮುಂಚೆ ಅವನನ್ನು ಕಳಿಸು ತಂದೆ, ಬಂದು ಆ ಚೀಟಿ ಒಯ್ಯಲಿ.