ಸವೆದ ಬೆರಳು

ಶೆಬಾಯ್ಗನ್, ವಿಸ್ಕಾನ್ಸಿನ್
೨೩ ನವೆಂಬರ್ ೨೦೦೮, ಭಾನುವಾರ

ಪ್ರೀತಿಯ ಹೆಡಿ ಅಕ್ಕಂಗೆ,

ನಿನ್ನ ತಮ್ಮ ರೂಡಿ ಇನ್ನೂ ಬದುಕಿದಾನೆ, ಗಾಬರಿ ಬೇಡ. ಆಗಸ್ಟಲ್ಲಿ ಕಳಿಸಿದ ಪಾರ್ಸೆಲ್‌ಗೆ ನವೆಂಬರಲ್ಲಿ ಥ್ಯಾಂಕ್ಸ್ ಹೇಳೋ ಇಂಥ ತಮ್ಮನ್ನ ಎತ್ತಿ ಬೆಳೆಸಿದ್ದು ನೀನೇ ಅಲ್ವಾ, ಅದಕ್ಕೆ ಅರ್ಧ ತಪ್ಪು ನಿಂದು. ಫೋನ್ ಮಾಡೋಣ ಅಂದ್ರೆ ನಾನು ಕಿರುಚೋದು ಇಡೀ ಬೀದಿಗೆ ಕೇಳತ್ತೆ, ನಿನಗೊಬ್ಬಳಿಗೆ ಕೇಳಲ್ಲ. ಎಂಟನೇ ಕ್ಲಾಸಿಗೆ ಸ್ಕೂಲ್ ಬಿಟ್ಟೋನ ಕೈಬರಹ ಇದು. ಕನ್ನಡಕ ಒರೆಸ್ಕೊಂಡು ಓದು.

ಇಲ್ಲಿ ಮೊದಲನೇ ಹಿಮ ಬಿತ್ತು. ನೀನು ಟೂಸಾನಲ್ಲಿ ತೋಳಿಲ್ಲದ ರವಿಕೆ ಹಾಕ್ಕೊಂಡು ಕೂತಿರ್ತೀಯ, ಇಲ್ಲಿ ನಮ್ಮ ನಾಯಿ ಉಚ್ಚೆಗೆ ಹೋಗೋಕೂ ಬಾಗಿಲಲ್ಲಿ ನಿಂತು ಯೋಚನೆ ಮಾಡತ್ತೆ. ನನ್ನ ಹೆಂಡ್ತಿ ಕಾನಿ ಆರಾಮಾಗಿದಾಳೆ. ಆರಾಮ ಅಂದ್ರೆ ಕೆಲಸಕ್ಕೆ ಹೋಗ್ತಾಳೆ, ಬರ್ತಾಳೆ, ಅಡುಗೆ ಮಾಡ್ತಾಳೆ.

ಹಾನ್ ಬರಲ್ಲ ಅಕ್ಕ. ಸುತ್ತಿ ಬಳಸಿ ಹೇಳೋಕೆ ನಾಲ್ಕು ಸಲ ಕಾಗದ ಶುರು ಮಾಡಿ ಹರಿದೆ. ಅದಕ್ಕೇ ನೇರವಾಗಿ ಬರೆದೆ.

ನಿನಗೆ ಎಷ್ಟು ಗೊತ್ತು ಎಷ್ಟಿಲ್ಲ ಅನ್ನೋದೇ ನನಗೆ ಮರೆತಿದೆ, ಮೊದಲಿಂದ ಹೇಳ್ತೀನಿ. ಹೋದ ವರ್ಷ ವಿಯೆಟ್ನಾಮಿನ ಒಂದು ಅನಾಥಾಲಯದಿಂದ ಫೋಟೋ ಬಂತಲ್ಲ, ಮೂರು ವರ್ಷದ ಹುಡುಗಿ, ಹೆಸರು ಹಾನ್, ಎಡಗಾಲಿನ ಪಾದ ಒಳಗೆ ತಿರುಗಿದೆ ಅಂತ. ಕಾನಿ ಕಾಲು ನೋಡ್ಲೇ ಇಲ್ಲ. ಮುಖ ನೋಡಿ, "ರೂಡಿ, ಇವಳು ನಮ್ಮೋಳು ಕಣೋ" ಅಂದ್ಲು, ಅಂಗಡೀಲಿ ಮರೆತು ಬಂದಿದ್ದ ಕೊಡೆ ಸಿಕ್ಕಿದೋರ ಥರ. ಆಮೇಲೆ ದತ್ತು ಸಂಸ್ಥೆಯಿಂದ ಮಿಸ್ ಟಿಲ್ಡೆನ್ ಅಂತ ಒಬ್ಬ ಮೇಡಂ ಮನೆ ಪರೀಕ್ಷೆಗೆ ಬಂದ್ರು. ನಲ್ಲಿ ಬಿಸಿನೀರಿಗೆ ಥರ್ಮಾಮೀಟರ್ ಹಾಕಿದ್ರು, ನಾಯಿಯ ಇಂಜೆಕ್ಷನ್ ಚೀಟಿ ಕೇಳಿದ್ರು. ನಂಗೆ ನನ್ನ ಜೀವನಚರಿತ್ರೆ ಬರೀರಿ ಅಂದ್ರು. "ಹುಟ್ಟಿದೆ, ಅಕ್ಕ ಬೆಳೆಸಿದಳು, ಇಟ್ಟಿಗೆ ಕಟ್ಟಿದೆ, ಕಾನಿ ಸಿಕ್ಕಿದಳು" ಅಂತ ಬರೆದುಕೊಟ್ಟೆ.

"ಮಿಸ್ಟರ್ ಮ್ಲಾಕರ್, ನಾಲ್ಕು ಪುಟ ಆಗಬೇಕು ಇದು" ಅಂದ್ರು.

"ಮೇಡಂ, ಜೀವನಾನೇ ಅಷ್ಟಿಲ್ಲ" ಅಂದೆ. ಕಾನಿ ಮೇಜಿನ ಕೆಳಗೆ ನನ್ನ ಕಾಲಿಗೆ ಒದ್ದಳು.

ಅದೆಲ್ಲ ಪಾಸಾಯ್ತು. ಫೇಲಾಗಿದ್ದು ನನ್ನ ಬೆರಳು. ಮಗು ತರೋ ಮುಂಚೆ ಸರ್ಕಾರದೋರು ನೀನು ಕಳ್ಳನೋ ಕೊಲೆಗಾರನೋ ಅಂತ ಬೆರಳಚ್ಚು ತಗೊಂಡು ನೋಡ್ತಾರೆ. ಏಪ್ರಿಲಲ್ಲಿ ಇಬ್ಬರೂ ಮಿಲ್ವಾಕಿಗೆ ಹೋದ್ವಿ. ಕಾನಿದು ಎರಡು ನಿಮಿಷಕ್ಕೆ ಮುಗೀತು. ನಂದು ಬಂದಾಗ ಅಚ್ಚು ತಗೊಳ್ಳೋ ಹೆಂಗಸು ಬೆರಳಿಡೋ ಗಾಜು ಒರೆಸಿದ್ಲು, ನನ್ನ ಬೆರಳು ಒರೆಸಿದ್ಲು, ಮತ್ತೆ ಗಾಜು ಒರೆಸಿದ್ಲು.

"ಸಾರ್, ನಿಮಗೆ ಬೆರಳಲ್ಲಿ ಗೆರೆನೇ ಇಲ್ವಲ್ಲ?"

"ಹತ್ತು ಬೆರಳಿದೆಯಲ್ಲಮ್ಮ, ಅದೂ ಲೆಕ್ಕಕ್ಕೆ ಬರಲ್ವಾ?"

"ಏನು ಕೆಲಸ ಮಾಡ್ತೀರಿ?"

"ಮೂವತ್ತೈದು ವರ್ಷದಿಂದ ಇಟ್ಟಿಗೆ, ಸಿಮೆಂಟು."

"ಅದೇ ತಿಂದುಹಾಕಿದೆ. ನೀವು ಬ್ಯಾಂಕ್ ದೋಚಿದ್ರೂ ಸಿಕ್ಕಿಬೀಳಲ್ಲ."

"ಮೊದಲೇ ಯಾರಾದ್ರೂ ಹೇಳಿದ್ರೆ ಕಸುಬು ಬದಲಾಯಿಸ್ತಿದ್ದೆನಲ್ಲ!" ಅಂದೆ. ಸಾಲಲ್ಲಿ ಕೂತಿದ್ದೋರೆಲ್ಲ ನಕ್ಕರು. ಕಾನಿನೂ ನಕ್ಕಳು ಆಗ.

ಮೇ ತಿಂಗಳಲ್ಲಿ ಕಾಗದ ಬಂತು, ಓದೋಕಾಗಲ್ಲ, ಮತ್ತೆ ಬನ್ನಿ ಅಂತ. ಆರು ವಾರ ಇಟ್ಟಿಗೆ ಮುಟ್ಟಬೇಡಿ, ಮುಲಾಮು ಹಚ್ಚಿ ಕೈಗವಸು ಹಾಕ್ಕೊಳಿ, ಚರ್ಮ ತಾನಾಗಿ ಬೆಳೆಯತ್ತೆ ಅಂದ್ರು ಮಿಸ್ ಟಿಲ್ಡೆನ್. ನಾನು ಬಿಳಿ ಕೈಗವಸು ಹಾಕ್ಕೊಂಡು ಮದುವೆ ಹೆಣ್ಣಿನ ಥರ ಕೂತೆ. ಕಾನಿ ನನಗೆ ಪಾತ್ರೆ ತೊಳೆಯೋಕೂ ಬಿಡ್ಲಿಲ್ಲ. ಶುಕ್ರವಾರ ಮೀನಿನ ಊಟಕ್ಕೆ ಹೋದಾಗ ಹ್ಯಾಂಕ್, ನನ್ನ ಜೊತೆ ಗೋಡೆ ಕಟ್ಟೋನು, ಕೈಗವಸು ನೋಡಿ, "ಏನಪ್ಪಾ ಹೊಸ ಅಪ್ಪ, ಪಿಯಾನೋ ಬಾರಿಸ್ತೀಯಾ? ಮಗಳು ಕಾಲೇಜ್ ಮುಗಿಸೋ ಹೊತ್ತಿಗೆ ಅವಳೇ ನಿನಗೆ ಹಲ್ಲುಸೆಟ್ ತೊಳೆದು ಕೊಡ್ತಾಳೆ ಬಿಡು" ಅಂದ. ಐವತ್ತೆರಡಕ್ಕೆ ಅಪ್ಪ ಆಗೋನು ಇನ್ನೇನು ಕೇಳಬೇಕು ಹೇಳು.

ಜುಲೈ ಮೊದಲ ವಾರ ಮತ್ತೆ ಮಿಲ್ವಾಕಿಗೆ ಹೋದ್ವಿ. ಅಚ್ಚು ಮತ್ತೆ ಬೀಳಲಿಲ್ಲ. ಎರಡು ಸಲ ಬೀಳದಿದ್ರೆ ಬೇರೆ ದಾರಿ ಇದೆ, ಐದು ವರ್ಷದಲ್ಲಿ ಎಲ್ಲೆಲ್ಲಿ ವಾಸ ಇದ್ರೋ ಅಲ್ಲಿನ ಪೊಲೀಸರ ಹತ್ರ ಒಳ್ಳೆಯವನು ಅಂತ ಬರೆಸ್ಕೊಂಡು ಬನ್ನಿ ಅಂದ್ರು. ನಾನು ಎಂಟು ತಿಂಗಳು ಗ್ರೀನ್ ಬೇ ಊರಲ್ಲಿ ಆಸ್ಪತ್ರೆ ಗೋಡೆ ಕಟ್ಟೋಕೆ ಹೋಗಿದ್ದೆನಲ್ಲ, ಅಲ್ಲಿಂದಲೂ ಕಾಗದ ಬೇಕಿತ್ತು. ಅದು ಬಂದು, ಎಲ್ಲ ಸೇರಿ, ನಮಗೆ ಒಪ್ಪಿಗೆ ಸಿಕ್ಕಿದ್ದು ಸೆಪ್ಟೆಂಬರ್ ಒಂಬತ್ತಕ್ಕೆ.

ವಿಯೆಟ್ನಾಮಿಗೂ ನಮ್ಮ ದೇಶಕ್ಕೂ ಇದ್ದ ದತ್ತಿನ ಒಪ್ಪಂದ ಸೆಪ್ಟೆಂಬರ್ ಒಂದಕ್ಕೇ ಮುಗೀತು. ಅದರೊಳಗೆ ಯಾವ ಮಗು ಯಾರಿಗೆ ಅಂತ ಅಲ್ಲಿಂದ ಮುದ್ರೆ ಬಿದ್ದ ಕಾಗದ ಬಂದೋರಿಗೆ ಮಗು ಸಿಗತ್ತೆ, ಮಿಕ್ಕೋರಿಗೆ ಇಲ್ಲ. ನಮ್ಮ ಹತ್ರ ಇದ್ದಿದ್ದು ಬರೀ ಫೋಟೋ, ಒಂದು ನಲವತ್ತು ಸೆಕೆಂಡಿನ ವಿಡಿಯೋ. ಎಂಟು ದಿನ ಅಕ್ಕ.

ಏನಾದ್ರೂ ದಾರಿ ತೆಗೀತಾರೇನೋ ಅಂತ ಕಾಯ್ತಾ ಇದ್ವಿ. ಹೋದ ಮಂಗಳವಾರ ಮಿಸ್ ಟಿಲ್ಡೆನ್ ಫೋನ್ ಮಾಡಿದ್ರು. ಹಾನ್‌ಗೆ ಇಟಲಿಯಲ್ಲಿ ಮನೆ ಸಿಕ್ತಂತೆ. ಗಂಡ ಹೆಂಡ್ತಿ ಇಬ್ಬರೂ ಮೇಷ್ಟ್ರಂತೆ, ಕಾಲಿಗೆ ಆಪರೇಷನ್‌ಗೂ ಏರ್ಪಾಡು ಮಾಡಿದಾರಂತೆ. ಕಾನಿ ಫೋನ್ ಇಟ್ಟು, "ಒಳ್ಳೇದಾಯ್ತು. ಬಿಸಿಲಿರೋ ದೇಶ" ಅಂದ್ಲು. ಆಮೇಲೆ ಎರಡು ಗಂಟೆ ಕಾರ್ಪೆಟ್‌ಗೆ ಮಿಷನ್ ಹಾಕಿ ಧೂಳು ಹೊಡೆದ್ಲು. ಒಂದೇ ಜಾಗಕ್ಕೆ.

ನಂಗೇನಾಯ್ತು ಅಂತ ಕೇಳ್ತೀಯ. ಏನೂ ಆಗ್ಲಿಲ್ಲ. ಹಲ್ಲು ಕೀಳೋ ಮುಂಚೆ ಸೂಜಿ ಚುಚ್ತಾರಲ್ಲ, ತುಟಿ ಇರತ್ತೆ, ಆದ್ರೆ ಯಾರದ್ದೋ ತುಟಿ ನಮ್ಮ ಮುಖದಲ್ಲಿ ನೇತಾಡ್ತಿದೆ ಅನ್ಸತ್ತಲ್ಲ, ಹಾಗಿದೀನಿ. ಊಟ ಸೇರತ್ತೆ. ನಿದ್ದೆ ಬರತ್ತೆ. ಬುಧವಾರ ಒಂದು ಗೋಡೆ ಮುಗಿಸಿದೆ, ದಾರ ಹಿಡಿದಷ್ಟು ನೇರ. ಜೋಕೂ ಹೇಳ್ತೀನಿ. ಒಂದೇ ವ್ಯತ್ಯಾಸ ಅಂದ್ರೆ ಈಗ ನನ್ನ ಜೋಕಿಗೆ ಎಲ್ಲರೂ ಸಿಕ್ಕಾಪಟ್ಟೆ ಜೋರಾಗಿ ನಗ್ತಾರೆ. ಹ್ಯಾಂಕ್ ಅಂತೂ ಮುಗಿಯೋ ಮುಂಚೆನೇ ನಗ್ತಾನೆ. ಒಬ್ಬನೂ ಬೈಯಲ್ಲ, ಒಬ್ಬನೂ ಕಾಲೆಳೆಯಲ್ಲ. "ಲೇ, ಒಂದು ಬೈಯೋ ಮಾರಾಯ" ಅಂದೆ ಮೊನ್ನೆ. ಅವನು ನನ್ನ ಬೆನ್ನು ತಟ್ಟಿದ. ಅದಕ್ಕಿಂತ ಒಂದು ಇಟ್ಟಿಗೆ ಎತ್ತಿ ಹಾಕಬೇಕಿತ್ತು.

ನೀನು ಹೆಣೆದು ಕಳಿಸಿದ ಹಳದಿ ಸ್ವೆಟರನ್ನ ಕಾನಿ ಇಟಲಿಗೆ ಕಳಿಸೋಣ ಅಂದ್ಲು. ವಿಳಾಸ ಕೊಡಲ್ವಂತೆ. ವಾಪಸ್ ನಿನಗೆ ಕಳಿಸಲಾ, ಇಲ್ಲೇ ಇರ್ಲಾ, ನೀನೇ ಹೇಳು. ಗುರುವಾರ ಥ್ಯಾಂಕ್ಸ್‌ಗಿವಿಂಗ್ ಊಟಕ್ಕೆ ಕಾನಿ ತಂಗಿ ಮನೆಗೆ ಹೋಗ್ತೀವಿ. ಯಾವುದಕ್ಕೆ ಥ್ಯಾಂಕ್ಸ್ ಅಂತ ಒಬ್ಬೊಬ್ಬರನ್ನೂ ಕೇಳ್ತಾರೆ ಅಲ್ಲಿ. ನಾನು ಕುಂಬಳಕಾಯಿ ಪೈಗೆ ಅಂತೀನಿ.

ನಿನ್ನ ಮಂಡಿ ನೋವು ಇಳೀಲಿ, ಕಿವಿ ಬೇಕಾದ್ದಷ್ಟಕ್ಕೆ ಮಾತ್ರ ಕೇಳ್ಲಿ, ದೇವರು ನಿನ್ನನ್ನ ಇನ್ನೂ ಮೂವತ್ತು ವರ್ಷ ನನಗೆ ಬೈಯೋಕೆ ಇಟ್ಟಿರ್ಲಿ. ನಮ್ಮಿಬ್ಬರಿಗೂ ನಿನ್ನ ಆಶೀರ್ವಾದ ಬೇಕು. ಕಾನಿಗೆ ಸ್ವಲ್ಪ ಜಾಸ್ತಿ ಕೊಡು.

ನಿನ್ನ ತಮ್ಮ,
ರೂಡಿ

ಮರೆತ ಮಾತು: ಮರೆತಿಲ್ಲ, ಸುಳ್ಳು. ಇದನ್ನ ಬರೆಯೋಕೇ ಕೂತಿದ್ದು. ಐದನೇ ವಾರಕ್ಕೆ ನನ್ನ ಬೆರಳಿಗೆ ಗೆರೆ ಬಂದಿತ್ತು ಅಕ್ಕ. ಕಾನಿ ಬ್ಯಾಟರಿ ಬಿಟ್ಟು ನೋಡಿ ಕುಣಿದಾಡಿಬಿಟ್ಲು. ಆ ಖುಷಿಗೆ ಇಬ್ಬರೂ ಮತ್ತೆ ಆ ವಿಡಿಯೋ ನೋಡಿದ್ವಿ. ಅದರಲ್ಲಿ ಆಯಾ ಹಾನ್‌ಗೆ ಗಂಜಿ ತಿನ್ನಿಸ್ತಾ ಕಚಗುಳಿ ಇಡ್ತಾಳೆ, ಮೂತಿ ಸೊಟ್ಟ ಮಾಡ್ತಾಳೆ. ಮಗು ನಗಲ್ಲ. ಸುಮ್ನೆ ನಮ್ಮನ್ನೇ ನೋಡತ್ತೆ. ನಗಿಸೋದು ಬಿಟ್ರೆ ನನಗೆ ಬೇರೇನು ಬರತ್ತೆ ಹೇಳು? ಭಾಷೆನೂ ಬರಲ್ಲ. ಹೆದರಿಬಿಟ್ಟೆ. ಇನ್ನೊಂದೆರಡು ತಿಂಗಳು ತಡ ಆದ್ರೆ ಏನು ಗಂಟು ಹೋಗತ್ತೆ ಅನ್ನಿಸ್ತು. ಆಗಲೂ ಆ ಸೆಪ್ಟೆಂಬರಿನ ವಿಷಯ ನನಗೆ ಗೊತ್ತಿತ್ತು. ಮಾರನೇ ದಿನ ಕೆರೆಗೆ ಮೀನು ಹಿಡಿಯೋಕೆ ಹೋಗ್ತೀನಿ ಅಂತ ಹೇಳಿ, ಒಬ್ಬ ಮುದುಕಿ ಮನೆ ಹಿತ್ತಲ ಗೋಡೆ ಕಟ್ಟೋಕೆ ಹೋದೆ. ಮೂರು ದಿನ, ಗವಸಿಲ್ಲದ ಬರಿಗೈಯಲ್ಲಿ, ಗೆರೆ ಮತ್ತೆ ಸವೆಯೋವರೆಗೆ. "ಮೀನೆಲ್ಲಿ?" ಅಂದ್ಲು ಕಾನಿ. "ಒಂದೂ ಕಚ್ಚಲಿಲ್ಲ" ಅಂದೆ, ಅದಕ್ಕೂ ನಕ್ಕಳು.

ಇವತ್ತು ಬೆಳಿಗ್ಗೆ ಚರ್ಚಲ್ಲಿ ಪಾದ್ರಿ ಹೆಂಡ್ತಿ ಮಗು ವಿಷಯ ಕೇಳಿದ್ದಕ್ಕೆ ಕಾನಿ, "ಇವನದೇನೂ ತಪ್ಪಿಲ್ಲ, ಮೂವತ್ತೈದು ವರ್ಷ ದುಡಿದ ಕೈ ಇದು" ಅಂತ ಎಲ್ಲರೆದುರಿಗೆ ನನ್ನ ಕೈ ಎತ್ತಿ ಹಿಡ್ಕೊಂಡ್ಲು. ಬಿಡಿಸ್ಕೊಳ್ಳೋಕೆ ಆಗ್ಲಿಲ್ಲ ಅಕ್ಕ.